ಸೋಫಾ ಗೋಡೆಗೆ ಅಂಟಿಕೊಂಡೇ ಇರಬೇಕಾ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಹಾಲ್ 11 ಅಡಿ ಅಗಲ, 16 ಅಡಿ ಉದ್ದ. ಪೂರ್ವದ ಗೋಡೆಯಲ್ಲಿ ಉತ್ತರದ ಮೂಲೆಗೆ ಮುಂಬಾಗಿಲು, ಅದರ ಪಕ್ಕ ಕಿಟಕಿ. ಬಾಗಿಲಿನ ನೇರಕ್ಕೆ, ಆ ಕಡೆಯ ಗೋಡೆಯಲ್ಲಿ ಅಡುಗೆಮನೆಗೆ ಹೋಗುವ ದಾರಿ. ಉತ್ತರದ ಗೋಡೆಗೆ ಮೂರು ಜನರ ಸೋಫಾ, ಎದುರು ಗೋಡೆಗೆ ಯೂನಿಟ್ ಮತ್ತು 43 ಇಂಚಿನ ಟಿವಿ. ಜೊತೆಗೆ ಎರಡು ಒಂಟಿ ಸೋಫಾ, ಅತ್ತೆ ಕೊಟ್ಟ ದಿವಾನ್, ಗಾಜಿನ ಶೋಕೇಸ್, ನಡುವೆ ದೊಡ್ಡ ಟೀಪಾಯಿ. ಟಿವಿ ನೋಡುವಾಗ ಯಾರಾದರೂ ಅಡ್ಡ ಬರುತ್ತಲೇ ಇರುತ್ತಾರೆ. ಟೀಪಾಯಿಗೆ ಮಕ್ಕಳ ಮೊಣಕಾಲು ತಾಗದ ದಿನವಿಲ್ಲ. ಹಾಲ್ ಚಿಕ್ಕದಾಯಿತಾ, ಸಾಮಾನು ಜಾಸ್ತಿಯಾಯಿತಾ? ವಾಸ್ತು ಕೆಡದ ಹಾಗೆ ಉತ್ತರ ಕೊಡಿ.

ಉತ್ತರ: ಸಾಮಾನು ಸ್ವಲ್ಪ ಜಾಸ್ತಿ, ನಿಜ. ಆದರೆ ತೊಂದರೆ ಅದಲ್ಲ. ನಿಮ್ಮ ಸೋಫಾ ದಾರಿಯಲ್ಲಿ ಕೂತಿದೆ.

ಒಂದು ದಿನ ಬೆಳಿಗ್ಗೆ ಮನೆಯವರು ಹೇಗೆ ಓಡಾಡುತ್ತಾರೆ ನೋಡಿ. ಹಾಲು ತಂದವರು ಬಾಗಿಲಿನಿಂದ ಅಡುಗೆಮನೆಗೆ, ಶಾಲೆಗೆ ಹೊರಟ ಮಕ್ಕಳು ಅಡುಗೆಮನೆಯಿಂದ ಬಾಗಿಲಿಗೆ. ಎಲ್ಲರಿಗೂ ಒಂದೇ ನೇರ ದಾರಿ, ಉತ್ತರದ ಗೋಡೆಯ ಉದ್ದಕ್ಕೂ. ಅಲ್ಲಿ ಮೂರು ಅಡಿ ಆಳದ ಸೋಫಾ ಇಟ್ಟರೆ ಅವರು ಎಲ್ಲಿ ಹೋಗಬೇಕು? ಸೋಫಾ ಸುತ್ತಿ, ಟಿವಿ ಮುಂದೆಯೇ ಹೋಗಬೇಕು.

ಹಾಗಾಗಿ ಸೋಫಾವನ್ನು ಗೋಡೆಯಿಂದ ಮೂರು ಅಡಿ ಮುಂದಕ್ಕೆ ಎಳೆಯಿರಿ. ಜನ ಅದರ ಹಿಂದಿನಿಂದ ಓಡಾಡಲಿ. ಈ ಮಾತು ಹೇಳಿದರೆ ಹೆಚ್ಚಿನವರು ನನ್ನ ಮುಖ ನೋಡುತ್ತಾರೆ. ಸೋಫಾ ಅಂದರೆ ಗೋಡೆಗೆ ಒರಗಿರಬೇಕು ಅಂತ ನಮಗೆ ಅಭ್ಯಾಸ ಆಗಿಬಿಟ್ಟಿದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ದಾರಿಗೆ ಮೂರು ಅಡಿ, ಸೋಫಾಕ್ಕೆ ಮೂರು ಅಡಿ. ಟಿವಿ ಕಡೆಗೆ ಇನ್ನೂ ಐದು ಅಡಿ ಉಳಿಯಿತು. ಒರಗಿ ಕೂತವರ ಕಣ್ಣಿನಿಂದ ಟಿವಿಗೆ ಹತ್ತಿರ ಹತ್ತಿರ ಆರೂವರೆ ಅಡಿ ದೂರ ಸಿಗುತ್ತದೆ. 43 ಇಂಚಿನ ಟಿವಿಗೆ ಐದೂವರೆಯಿಂದ ಒಂಬತ್ತು ಅಡಿ ದೂರವಿದ್ದರೆ ಸಾಕು.

ಒಂದು ಷರತ್ತು: ಟಿವಿ ಗೋಡೆಗೆ ಹೋಗಬೇಕು, ಯೂನಿಟ್ ಹೊರಗೆ ಹೋಗಬೇಕು. ಸೆಟ್‌ಟಾಪ್ ಬಾಕ್ಸಿಗೆ ಒಂದು ಸಣ್ಣ ಹಲಗೆ ಸಾಕು. ಟಿವಿಯನ್ನು ಕ್ಯಾಲೆಂಡರ್ ಹಾಕುವ ಎತ್ತರಕ್ಕೆ ಮಾತ್ರ ಏರಿಸಬೇಡಿ, ಕತ್ತು ನೋವು ಬರುತ್ತದೆ. ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ ಬರಲಿ. ಅಂದರೆ ನೆಲದಿಂದ ಸುಮಾರು 42 ಇಂಚು. ಮೊಳೆ ಹೊಡೆಯುವವರು ಕೇಳದೆ ಐದಡಿಗೆ ಹೊಡೆದುಬಿಡುತ್ತಾರೆ, ಎದುರಿಗೆ ನಿಂತುಕೊಂಡಿರಿ.

ದೊಡ್ಡ ಟೀಪಾಯಿ ಇಲ್ಲಿ ಬೇಡ. ಸೋಫಾಕ್ಕೂ ಟೀಪಾಯಿಗೂ ಒಂದೂವರೆ ಅಡಿ ಇದ್ದರೆ ಕೈ ಚಾಚಿದಾಗ ಕಾಫಿ ಲೋಟ ಸಿಗುತ್ತದೆ, ಕಾಲೂ ಆಡುತ್ತದೆ. ಅದಕ್ಕಿಂತ ಕಡಿಮೆಯಾದರೆ ಮೊಣಕಾಲಿಗೆ ಏಟು. ನಿಮ್ಮಲ್ಲಿ ಎರಡು ಸಣ್ಣ ಸ್ಟೂಲ್ ಇಟ್ಟು, ಬೇಕಾದಾಗ ಎಳೆದುಕೊಳ್ಳಿ. ದಿವಾನ್ ಪೂರ್ವದ ಕಿಟಕಿಯ ಕೆಳಗಿರಲಿ. ಬೆಳಿಗ್ಗೆ ಪೇಪರ್ ಓದೋಕೆ ಅದಕ್ಕಿಂತ ಒಳ್ಳೆ ಜಾಗ ಮನೆಯಲ್ಲಿ ಇಲ್ಲ. ಕಿಟಕಿಯ ಬೆಳಕು ಟಿವಿಗೆ ಪಕ್ಕದಿಂದ ಬೀಳುವುದರಿಂದ ಪರದೆ ಮೇಲೆ ಹೊಳಪೂ ಕಾಣುವುದಿಲ್ಲ. ಅಡುಗೆಮನೆ ಕಡೆಯ ಮೂಲೆಯಲ್ಲಿ ಒಂದು ಒಂಟಿ ಸೋಫಾ, ಸ್ವಲ್ಪ ಓರೆಯಾಗಿ. ಇನ್ನೊಂದು ಮಲಗುವ ಕೋಣೆಗೆ. ಶೋಕೇಸ್ ವಿಷಯ ನಾನು ಮಾತಾಡುವುದಿಲ್ಲ, ಅದರೊಳಗೆ ಯಾರ ಯಾರ ಮದುವೆಯ ಉಡುಗೊರೆ ಇದೆಯೋ. ಹಾಲಿನಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಗೋಡೆಗೆ ಇಡೋಕೆ ಅಂತ ಮಾಡಿದ ಸೋಫಾಗಳ ಬೆನ್ನಿಗೆ ಕಪ್ಪು ತೆಳು ಬಟ್ಟೆ ಹೊಡೆದಿರುತ್ತಾರೆ. ಮುಂದಕ್ಕೆ ಎಳೆದ ತಕ್ಷಣ ಆ ಬೆನ್ನೇ ಮನೆಗೆ ಬಂದವರಿಗೆ ಮೊದಲು ಕಾಣುತ್ತದೆ. ಕುಶನ್ ಕೆಲಸದವರ ಹತ್ತಿರ ಮುಂದಿನ ಬಟ್ಟೆಯೇ ಹಿಂದಕ್ಕೂ ಬರುವ ಹಾಗೆ ಹೊಲಿಸಿ.

ಎಳೆಯುವ ಮುಂಚೆ ಇನ್ನೊಂದು ಕೆಲಸ. ಹಳೇ ಪೇಪರ್‌ಗಳನ್ನು ಸೋಫಾದ ಅಳತೆಗೆ ಹೊಸ ಜಾಗದಲ್ಲಿ ಹಾಸಿ, ಅಂಟಿಸಿ. ಎರಡು ದಿನ ಅದನ್ನು ತುಳಿಯದೆ ಓಡಾಡಿ. ಎಲ್ಲಿ ಪೇಪರ್ ಹರಿಯಿತೋ ಅಲ್ಲಿ ಲೆಕ್ಕ ತಪ್ಪಿದೆ. ನನಗೆ ಈ ಬುದ್ಧಿ ಬಂದಿದ್ದು ಪೆಟ್ಟು ತಿಂದ ಮೇಲೆ. ಅಂಗಡಿಯಲ್ಲಿ ಪುಟ್ಟದಾಗಿ ಕಂಡ ಸೋಫಾ ನಮ್ಮ ಮೊದಲ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಕೊನೆಗೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆದುಕೊಂಡೆವು, ಇಡೀ ಬೀದಿ ನಿಂತು ನೋಡಿತು. ಅಂಗಡಿಯ ಹಾಲ್ ದೊಡ್ಡದು, ಅಲ್ಲಿ ಎಲ್ಲವೂ ಚಿಕ್ಕದಾಗಿಯೇ ಕಾಣುತ್ತದೆ. ಟೇಪ್ ಇಲ್ಲದೆ ಹೋಗಬೇಡಿ.

ವಾಸ್ತು ಕೇಳಿದ್ದೀರಿ. ಅದು ನನ್ನ ವಿದ್ಯೆಯಲ್ಲ. ಭಾರದ ಸಾಮಾನು ನೈಋತ್ಯಕ್ಕೆ, ಈಶಾನ್ಯ ಖಾಲಿ ಅನ್ನುತ್ತಾರೆ. ನಿಮ್ಮ ಈಶಾನ್ಯದಲ್ಲಿ ಮುಂಬಾಗಿಲೇ ಇದೆ. ದಾರಿ ಬಿಟ್ಟರೆ ಅದು ತಾನಾಗಿ ಖಾಲಿಯಾಗುತ್ತದೆ.

ಪ್ರಶ್ನೆ: ಮಂಡ್ಯದ ಹತ್ತಿರ ಹಳ್ಳಿಯಲ್ಲಿ ಹೊಸ ಮನೆ ಕಟ್ಟಿದ್ದೇವೆ. ಹಾಲ್ 14 ಅಡಿ ಅಗಲ, 22 ಅಡಿ ಉದ್ದ. ಎಲ್ಲ ಸಾಮಾನನ್ನೂ ನಾಲ್ಕು ಗೋಡೆಗೆ ಇಟ್ಟಿದ್ದೇವೆ. ಬಸ್ ಸ್ಟ್ಯಾಂಡ್ ತರ ಕಾಣುತ್ತೆ ಅಂತ ತಂಗಿ ನಗುತ್ತಾಳೆ. ಅಪ್ಪನಿಗೆ 74 ವರ್ಷ, ಮಂಡಿ ನೋವು, ಕಿವಿಯೂ ಸ್ವಲ್ಪ ಮಂದ. ಹಬ್ಬಕ್ಕೆ ನೆಂಟರು ಬಂದರೆ ಹಾಲಿನಲ್ಲೇ ಮಲಗಬೇಕು. ಇನ್ನೊಂದು ಸೋಫಾ ಸೆಟ್ ತರಲಾ?

ಉತ್ತರ: ದಯವಿಟ್ಟು ತರಬೇಡಿ. ನಿಮ್ಮ ತಂಗಿ ಹೇಳಿದ್ದು ಸರಿ. ಈ ಗೋಡೆಯವರು ಆ ಗೋಡೆಯವರ ಜೊತೆ ಮಾತಾಡಲು ಕೂಗಬೇಕು. ಆರಾಮಾಗಿ ಮಾತಾಡಲು ಎದುರಾಎದುರು ಕೂತವರ ನಡುವೆ ಎಂಟು ಅಡಿಗಿಂತ ಜಾಸ್ತಿ ದೂರ ಇರಬಾರದು. ಅಪ್ಪನಿಗೆ ಅದೂ ಜಾಸ್ತಿಯೇ.

ಹಾಲನ್ನು ಎರಡು ಮಾಡಿ. ಗೋಡೆ ಬೇಡ, ಮನಸ್ಸಿನಲ್ಲೇ ಒಂದು ಗೆರೆ. ಫ್ಯಾನ್ ಇರುವ ಕಡೆ 14 ಅಡಿ ಉದ್ದಕ್ಕೆ ಕೂರುವ ಜಾಗ. ಬೇಸಿಗೆಯಲ್ಲಿ ಕುರ್ಚಿಗಳು ಹೇಗೂ ಅಲ್ಲಿಗೇ ನಡೆದು ಬರುತ್ತವೆ, ನೀವೇ ಮೊದಲು ಇಟ್ಟುಬಿಡಿ. ಸೋಫಾಗಳನ್ನು ಗೋಡೆಯಿಂದ ಒಂದೊಂದು ಅಡಿ ಎಳೆದು ಎದುರಾಎದುರು ಇಟ್ಟರೆ ನಡುವೆ ಆರು ಅಡಿ ಉಳಿಯುತ್ತದೆ. ಮಿಕ್ಕ ಎಂಟು ಅಡಿ ಖಾಲಿ ಬಿಡಿ. ಅಲ್ಲಿ ನಾಲ್ಕು ಚಾಪೆ ಸಲೀಸಾಗಿ ಹಿಡಿಯುತ್ತವೆ. ಅದು ನೆಂಟರ ಜಾಗ, ಸೋಫಾ ತಂದು ತುಂಬಿಸಬೇಡಿ. ಬೇಕಿದ್ದರೆ ಒಬ್ಬರೇ ಎತ್ತಬಹುದಾದ ನಾಲ್ಕು ಬೆತ್ತದ ಕುರ್ಚಿ ತನ್ನಿ.

ಅಪ್ಪನ ಕುರ್ಚಿ ಬೇರೆಯೇ ಇರಲಿ. ಈಗಿನ ಸೋಫಾಗಳು ತಗ್ಗು, ಕೂತರೆ ಹೂತು ಹೋಗುತ್ತಾರೆ. ಮಂಡಿ ನೋವಿದ್ದವರಿಗೆ ಕೂರುವ ಎತ್ತರ 18ರಿಂದ 20 ಇಂಚು ಬೇಕು. ಎರಡೂ ಕಡೆ ಗಟ್ಟಿ ಕೈ ಇರಬೇಕು, ಊರಿಕೊಂಡು ಏಳೋಕೆ. ಊರಿನಲ್ಲಿ ಹಳೇ ಮರದ ಕುರ್ಚಿ ಇದ್ದರೆ ಅದೇ ಚಿನ್ನ, ಮೇಲೆ ಎರಡು ಇಂಚಿನ ಗಟ್ಟಿ ಕುಶನ್ ಹಾಕಿ. ಬಾಗಿಲು ಕಾಣುವ ಹಾಗೆ ಇಡಿ. ಬಂದವರನ್ನು ಮೊದಲು ಮಾತಾಡಿಸುವವರು ಅವರೇ ಅಲ್ವಾ? ಕುರ್ಚಿ ಮುಂದೆ ಜಾರುವ ಮ್ಯಾಟ್ ಮಾತ್ರ ಬೇಡ.

ಪ್ರಶ್ನೆ: ಮೈಸೂರಿನ ವಿಜಯನಗರದಲ್ಲಿ ಬಾಡಿಗೆ ಮನೆ, ಚಿಕ್ಕ ಹಾಲ್. ದಸರಾದಲ್ಲಿ ಗೊಂಬೆ ಎಲ್ಲಿ ಕೂರಿಸುವುದು?

ಉತ್ತರ: ಟಿವಿ ಮುಂದೆ. ಟಿವಿಗೂ ಒಂಬತ್ತು ದಿನ ರಜೆ ಸಿಗಲಿ. ಕೂತವರೆಲ್ಲ ಮೊದಲೇ ಆ ಕಡೆ ತಿರುಗಿರುತ್ತಾರೆ, ಸರದ ಲೈಟಿಗೆ ಪ್ಲಗ್ ಅಲ್ಲೇ ಇರುತ್ತದೆ.

ಮೆಟ್ಟಿಲು ಬೆಸಸಂಖ್ಯೆಯಲ್ಲಿ ಇರಬೇಕು. ನಿಮಗೆ ಐದು ಸಾಕು. ಒಂದೊಂದಕ್ಕೆ ಹತ್ತು ಇಂಚು ಹಿಡಿದರೂ ನಾಲ್ಕು ಅಡಿಗಿಂತ ಸ್ವಲ್ಪ ಜಾಸ್ತಿ ಆಳ ಬೇಕು. ಟ್ರಂಕು, ಬೆಂಚು, ಟೀಪಾಯಿ ಸೇರಿಸಿ, ಮೇಲೆ ಬಿಳಿ ಪಂಚೆ ಹೊದಿಸಿ. ಟೀಪಾಯಿಯ ತೊಂದರೆಯೂ ಒಂಬತ್ತು ದಿನ ತಪ್ಪಿತು. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಿಗೆ. ಮುಂದೆ ನಾಲ್ಕು ಅಡಿ ನೆಲ ಬಿಡಿ, ಅರಿಶಿನ ಕುಂಕುಮಕ್ಕೆ ಬಂದವರು ಕೂತು ಹಾಡು ಹೇಳಲಿ. ಜಾಗ ಸಾಲದಿದ್ದರೆ ಒಂಟಿ ಸೋಫಾಗಳನ್ನು ಪಕ್ಕದ ಮನೆಯವರ ವರಾಂಡದಲ್ಲಿ ಇಡಬಹುದಾ ಕೇಳಿ. ಗೊಂಬೆ ನೋಡೋಕೆ ಮೊದಲು ಬರುವವರೂ ಅವರೇ ಆಗಿರುತ್ತಾರೆ.

ದೀಪ ಮಾತ್ರ ಕಿಟಕಿಯ ಪರದೆಯಿಂದ ದೂರ ಇಡಿ.