ಆರು ವರ್ಷದ ಬಿಲ್ಲುಗಳನ್ನು ಏನು ಮಾಡುವುದು?

ಪ್ರಶ್ನೆ: ಹುಬ್ಬಳ್ಳಿ, ಧಾರವಾಡ, ಗದಗ, ಹೀಗೆ ಮೂರು ಊರುಗಳಲ್ಲಿ ನಮ್ಮ ಕಿರಾಣಿ ಅಂಗಡಿಗಳಿವೆ. ಆರು ವರ್ಷಗಳ ಬಿಲ್ಲುಗಳೆಲ್ಲ ಕಂಪ್ಯೂಟರಿನಲ್ಲಿವೆ. ಡೇಟಾ ವೇರ್‌ಹೌಸ್, ಡೇಟಾ ಮೈನಿಂಗ್ ಎರಡನ್ನೂ ಹಾಕಿಸಿಕೊಂಡರೆ ಯಾವ ಸರಕು ಎಷ್ಟು ತರಿಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆ ಎಂದು ಸಾಫ್ಟ್‌ವೇರ್ ಮಾರುವವರೊಬ್ಬರು ಹೇಳುತ್ತಿದ್ದಾರೆ. ಬಿಲ್ಲುಗಳು ಇರುವಾಗ ಇನ್ನೊಂದು ಉಗ್ರಾಣ ಏಕೆ?
– ಹುಬ್ಬಳ್ಳಿಯ ಓದುಗರು

ಉತ್ತರ: ನಿಮ್ಮ ಹಿರಿಯರು ಕಿರ್ದಿ, ಖಾತೆ ಎಂದು ಎರಡು ಪುಸ್ತಕ ಇಟ್ಟಿದ್ದರೆ ಅರ್ಧ ಉತ್ತರ ನಿಮ್ಮ ಮನೆಯಲ್ಲೇ ಇದೆ. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿ ಬರೆಯುವುದು ಕಿರ್ದಿ. ಅದನ್ನೇ ಬಾಬುವಾರು ಬಿಡಿಸಿ ಏರಿಸುವುದು ಖಾತೆ. ಬಿಲ್ಲಿಂಗ್ ಸಾಫ್ಟ್‌ವೇರ್ ಕಿರ್ದಿಯ ಕೆಲಸ ಮಾಡುತ್ತದೆ, ಡೇಟಾ ವೇರ್‌ಹೌಸ್ ಖಾತೆಯ ಕೆಲಸ ಮಾಡುತ್ತದೆ. ವಿಷಯವಾರು ಜೋಡಣೆ, ಬೇರೆ ಬೇರೆ ಮೂಲಗಳ ಏಕರೂಪತೆ, ಕಾಲದ ಗುರುತು, ಒಮ್ಮೆ ಸೇರಿಸಿದ್ದನ್ನು ತಿದ್ದದಿರುವುದು ಎಂಬ ನಾಲ್ಕು ಲಕ್ಷಣಗಳನ್ನು ಅಮೆರಿಕದ ಕಂಪ್ಯೂಟರ್ ತಜ್ಞ ಬಿಲ್ ಇನ್ಮನ್ 1992ರ ತಮ್ಮ ಪುಸ್ತಕದಲ್ಲಿ ಡೇಟಾ ವೇರ್‌ಹೌಸ್‌ಗೆ ಹೇಳಿದರು. ಕೊನೆಯ ಲಕ್ಷಣವನ್ನು ಗಮನಿಸಿ. ಖರೀದಿ ದರ ಬದಲಾದಾಗ ನಿಮ್ಮ ಸಾಫ್ಟ್‌ವೇರ್ ಹಳೆಯ ದರದ ಮೇಲೆಯೇ ಹೊಸದನ್ನು ಬರೆಯುತ್ತಿದ್ದರೆ, ಹೋದ ವರ್ಷದ ಲಾಭವನ್ನು ಇಂದು ಲೆಕ್ಕ ಹಾಕಿದಾಗ ಬರುವ ಉತ್ತರ ತಪ್ಪಾಗಿರುತ್ತದೆ.

ನಿಜವಾದ ಶ್ರಮ ಇರುವುದು ಏಕರೂಪತೆಯಲ್ಲಿ. ಒಂದು ಅಂಗಡಿಯಲ್ಲಿ 'ತೊಗರಿಬೇಳೆ', ಇನ್ನೊಂದರಲ್ಲಿ 'ತೂರ್ ದಾಲ್ 1 ಕೆಜಿ', ಮೂರನೆಯದರಲ್ಲಿ ಬರೀ 'ಬೇಳೆ' ಎಂದು ದಾಖಲಾಗಿದ್ದರೆ ಯಂತ್ರಕ್ಕೆ ಅವು ಮೂರು ಸರಕುಗಳು. ತಾರೀಕಿನ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂದಿತ್ತು, 2024ರಲ್ಲಿ ಏಪ್ರಿಲ್ 9ಕ್ಕೆ. ಮಾರ್ಚಿಗೆ ಮಾರ್ಚನ್ನು ಹೋಲಿಸಿದರೆ ಬೆಲ್ಲದ ಮಾರಾಟ ಬಿದ್ದುಹೋಯಿತೆಂದು ವರದಿ ಹೇಳಬಹುದು. ಹೋಳಿಗೆಯ ಖರೀದಿ ಮುಂದಿನ ತಿಂಗಳಿಗೆ ಸರಿದಿದೆ, ಅಷ್ಟೆ. ಆದ್ದರಿಂದ ತಾರೀಕಿನ ಪಟ್ಟಿಯಲ್ಲಿ 'ಹಬ್ಬಕ್ಕೆ ಎಷ್ಟು ದಿನ' ಎಂಬ ಒಂದು ಅಂಕಣ ಇರಲೇಬೇಕು. ಹೊರಗಿನ ಸಾಫ್ಟ್‌ವೇರ್‌ಗಳಲ್ಲಿ ಇದು ಸಿದ್ಧವಾಗಿ ಸಿಗುವುದು ಅಪರೂಪ, ನೀವೇ ಪಂಚಾಂಗ ನೋಡಿ ತುಂಬಬೇಕು.

ಇನ್ನು ಮೈನಿಂಗ್, ಅಂದರೆ ದಾಖಲೆಗಳ ರಾಶಿಯಲ್ಲಿ ಅಡಗಿದ ಸಂಬಂಧಗಳನ್ನು ಹುಡುಕುವುದು. ಯಾವ ಸರಕಿನ ಜೊತೆ ಯಾವುದು ಹೋಗುತ್ತದೆ ಎಂಬುದನ್ನು ಬಿಲ್ಲುಗಳ ರಾಶಿಯಿಂದ ಹೆಕ್ಕುವ ವಿಧಾನವನ್ನು 1993ರಲ್ಲಿ ಐಬಿಎಂ ಸಂಶೋಧನಾಲಯದ ರಾಕೇಶ್ ಅಗ್ರವಾಲ್ ಇನ್ನಿಬ್ಬರೊಂದಿಗೆ ಮಂಡಿಸಿದರು. ಲೆಕ್ಕ ಸರಳವಾದದ್ದು. 1000 ಬಿಲ್ಲುಗಳಿವೆ ಎನ್ನಿ. ಚಹಾಪುಡಿ 300ರಲ್ಲಿ, ಸಕ್ಕರೆ 600ರಲ್ಲಿ, ಎರಡೂ ಒಟ್ಟಿಗೆ 180ರಲ್ಲಿ ಇವೆ. ಚಹಾಪುಡಿ ಕೊಂಡವರಲ್ಲಿ ಶೇ. 60 ಜನ ಸಕ್ಕರೆಯನ್ನೂ ಕೊಂಡರು ಎಂದು ನಿಮ್ಮ ಮುಂದೆ ಹೆಮ್ಮೆಯಿಂದ ತೋರಿಸುತ್ತಾರೆ. ಆದರೆ ಬಂದವರೆಲ್ಲರಲ್ಲಿಯೂ ಸಕ್ಕರೆ ಕೊಂಡವರು ಶೇ. 60ರಷ್ಟೇ ಇದ್ದಾರಲ್ಲ! ಚಹಾಪುಡಿಯಿಂದ ಏನೂ ಹೆಚ್ಚಾಗಲಿಲ್ಲ. ಈಗ ಕಡಲೆಬೇಳೆ 100 ಬಿಲ್ಲುಗಳಲ್ಲಿ, ಬೆಲ್ಲ 150ರಲ್ಲಿ, ಎರಡೂ 40ರಲ್ಲಿ ಇವೆ ಎನ್ನಿ. ಇಲ್ಲಿ ಕಡಲೆಬೇಳೆ ಕೊಂಡವರಲ್ಲಿ ಬೆಲ್ಲವನ್ನೂ ಕೊಂಡವರು ಶೇ. 40 ಮಾತ್ರ, ಆದರೆ ಬಂದವರೆಲ್ಲರಲ್ಲಿ ಬೆಲ್ಲ ಕೊಂಡವರು ಶೇ. 15. ಎರಡೂವರೆ ಪಟ್ಟಿಗೂ ಮೀರಿದ ಈ ಸಂಬಂಧವೇ ತಿಳಿಯಬೇಕಾದದ್ದು. ವರದಿ ಓದುವಾಗ ಶೇಕಡಾವನ್ನು ಬಿಟ್ಟು 'ಲಿಫ್ಟ್' ಎಂಬ ಈ ಪಟ್ಟಿನ ಅಂಕಿಯನ್ನು ಕೇಳಿ. ಕಡಲೆಬೇಳೆ ಮುಗಿಯುತ್ತಿದೆ ಎಂದರೆ ಬೆಲ್ಲದ ದಾಸ್ತಾನನ್ನೂ ನೋಡಬೇಕು ಎಂಬಷ್ಟು ಸುಳಿವು ಅದು ಕೊಡುತ್ತದೆ. ಎಷ್ಟು ಚೀಲ ತರಿಸಬೇಕೆಂಬುದು ತಾನಾಗಿ ತಿಳಿಯುವುದಿಲ್ಲ.

ಸದ್ಯಕ್ಕೆ ದೊಡ್ಡ ಖರೀದಿ ಬೇಡವೆಂಬುದು ನನ್ನ ಅಭಿಪ್ರಾಯ. ಮೂರು ಅಂಗಡಿಗಳಿಗೂ ಒಂದೇ ಸರಕು ಸಂಕೇತದ ಪಟ್ಟಿ ಮಾಡಿ, ಪ್ರತಿ ರಾತ್ರಿ ಬಿಲ್ಲುಗಳನ್ನು ಪೋಸ್ಟ್‌ಗ್ರೆಸ್‌ನಂಥ ಉಚಿತ ಡೇಟಾಬೇಸಿಗೆ ಏರಿಸಲು ಒಬ್ಬ ತಿಳಿದವರನ್ನು ಹಿಡಿಯಿರಿ. ಮೈನಿಂಗ್ ಒಂದು ವರ್ಷ ಕಾಯಬಹುದು.

ಪ್ರಶ್ನೆ: ನಮ್ಮದು ಔಷಧ ಅಂಗಡಿ. ಇಂಥ ವಿಶ್ಲೇಷಣೆಗೆ ಗಿರಾಕಿಗಳ ಮೊಬೈಲ್ ಸಂಖ್ಯೆಯನ್ನೂ ಕೂಡಿಡಬೇಕೆ?
– ಶಿವಮೊಗ್ಗದ ಓದುಗರು

ಉತ್ತರ: ಜೊತೆಯಾಗಿ ಏನು ಮಾರಾಟವಾಗುತ್ತದೆ ಎಂದು ತಿಳಿಯಲು ಬಿಲ್ಲಿನ ಸಂಖ್ಯೆ ಸಾಕು. ಮೊಬೈಲ್ ಸಂಖ್ಯೆ ಬೇಕಾಗುವುದು ಅದೇ ಗಿರಾಕಿ ಮತ್ತೆ ಬಂದರೇ ಎಂದು ನೋಡಲು ಮಾತ್ರ. ಔಷಧದ ಬಿಲ್ಲಿನ ಪಕ್ಕದಲ್ಲಿ ಸಂಖ್ಯೆ ಇದ್ದರೆ ಅದು ಆ ಮನೆಯ ಕಾಯಿಲೆಯ ದಾಖಲೆಯೇ ಆಗಿಬಿಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಉದ್ದೇಶವನ್ನು ತಿಳಿಸಿ ಒಪ್ಪಿಗೆ ಪಡೆಯಬೇಕೆಂಬುದನ್ನು ಮೂಲ ತತ್ವವಾಗಿ ಇಟ್ಟುಕೊಂಡಿದೆ. ಒಪ್ಪಿದವರ ಸಂಖ್ಯೆಯನ್ನು ಬೇರೆ ಪಟ್ಟಿಯಲ್ಲಿಟ್ಟು, ವಿಶ್ಲೇಷಣೆಯ ಪ್ರತಿಯಲ್ಲಿ ಅದರ ಬದಲಿಗೆ ಒಂದು ಸಂಕೇತವನ್ನಷ್ಟೇ ಹಾಕಿ.