ಎರೆಭೂತಕ್ಕೆ ಭತ್ತದ ಗದ್ದೆ ಇಷ್ಟವಾ?

ಪ್ರಶ್ನೆ: ನಾನು ಎಂ.ಎಸ್ಸಿ. ವಿದ್ಯಾರ್ಥಿ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸುತ್ತ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಕಂಡ ಹಳೆಯ, ಹೊಸ ದಾಖಲೆಗಳನ್ನೆಲ್ಲ ಉಪಗ್ರಹ ಚಿತ್ರದ ಜೊತೆ ಸೇರಿಸಿ, ಹಕ್ಕಿಗೆ ಯಾವ ಜಾಗ ಸೂಕ್ತ ಎಂದು ಅಂದಾಜಿಸುವ ತಂತ್ರಾಂಶವಾದ ಮ್ಯಾಕ್ಸೆಂಟ್‌ನಲ್ಲಿ ನಕ್ಷೆ ಮಾಡಿದೆ. ಎಯುಸಿ, ಅಂದರೆ ಹಕ್ಕಿ ಕಂಡ ಜಾಗಗಳನ್ನು ಮಾಡೆಲ್ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬ ಅಂಕ (ಗರಿಷ್ಠ 1), 0.93 ಬಂತು. ಆದರೆ ರಸ್ತೆಬದಿ, ಭತ್ತದ ಗದ್ದೆಗಳೂ ‘ತುಂಬಾ ಸೂಕ್ತ’ ಎಂದು ಕೆಂಪಾಗಿವೆ. ಇದನ್ನು ನಂಬಬಹುದಾ?

ಉತ್ತರ: ಬೇಡ. ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ಮೊದಲು ಭತ್ತದ ವಿಷಯ. ಈ ಹಕ್ಕಿ ಒಣ ಬಯಲಿನದು. ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ, ಅದೂ ಸಾಮಾನ್ಯವಾಗಿ ಒಂದೇ. ನೀರು ನಿಂತ ಗದ್ದೆಯಲ್ಲಿ ಅದಕ್ಕೇನು ಕೆಲಸ? ಬಹುಶಃ ನಿಮ್ಮ ದಾಖಲೆಗಳಲ್ಲಿ ಹಲವು ಹಳೆಯವು, ಉಪಗ್ರಹ ಚಿತ್ರ ಮಾತ್ರ ಈಚಿನದು. ಹಕ್ಕಿ ಕಂಡಾಗ ಅಲ್ಲಿ ಮಳೆ ನಂಬಿದ ಜೋಳವೋ ಕಡಲೆಯೋ ಇದ್ದಿರಬೇಕು. ಆಮೇಲೆ ನೀರು ಬಂತು, ಭತ್ತ ಬಂತು. ಮಾಡೆಲ್‌ಗೆ ಇದು ಗೊತ್ತಿಲ್ಲ, ಅಲ್ವಾ? ಎರೆಭೂತಕ್ಕೆ ಭತ್ತ ಇಷ್ಟ ಅಂತ ಕಲಿತುಬಿಟ್ಟಿದೆ. ಪ್ರತಿ ದಾಖಲೆಗೂ ಅದೇ ವರ್ಷದ, ಅದೇ ಹಂಗಾಮಿನ ಚಿತ್ರ ಜೋಡಿಸಿ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು 2015ರಿಂದೀಚಿನವು. ಅದಕ್ಕೂ ಹಿಂದಿನದಕ್ಕೆ ಲ್ಯಾಂಡ್‌ಸ್ಯಾಟ್ ಇದೆ, ಅದರ ಒಂದೊಂದು ಚುಕ್ಕಿ 30 ಮೀಟರ್ ಅಗಲದ ನೆಲ, ಅಷ್ಟು ಸಾಕು.

ಹಂಗಾಮು ಅಂದದ್ದು ಸುಮ್ನೆ ಅಲ್ಲ. ಹಿಂಗಾರಿಗೆ ಬಿಟ್ಟ ಎರೆ ಹೊಲ ಮುಂಗಾರಿನಲ್ಲಿ ಬರೀ ನೆಲ. ಆಮೇಲೆ ಅದೇ ಹೊಲದಲ್ಲಿ ಜೋಳ ಆಳೆತ್ತರಕ್ಕೆ ಏಳುತ್ತದೆ, ಕಡಲೆ ಹಾಕಿದರೆ ಮೊಣಕಾಲಿನ ಹತ್ತಿರವೇ ನಿಲ್ಲುತ್ತದೆ. ಗಂಡು ಹಕ್ಕಿಗೆ ಕುಣಿಯಲು ನಾಲ್ಕೂ ದಿಕ್ಕು ಕಾಣುವ ಬಯಲು ಬೇಕು. ಕಾವು ಕೂರುವ ಹೆಣ್ಣಿಗೆ ತುಸು ಮರೆ ಬೇಕು. ‘ಕೃಷಿ ಭೂಮಿ’ ಅಂತ ಒಂದೇ ಬಣ್ಣ ಬಳಿದರೆ ಇದೆಲ್ಲ ಅಳಿಸಿಹೋಗುತ್ತದೆ. ಹುಲ್ಲುಗಾವಲಿನ ಪಾಡು ಇನ್ನೂ ಕಷ್ಟ. ನಕ್ಷೆಗಳಲ್ಲಿ ಅದು ಎಷ್ಟೋ ಸಲ ‘ಪಾಳುಭೂಮಿ’.

ರಸ್ತೆಬದಿ ಕೆಂಪಾಗಿರುವುದು, ಹಕ್ಕಿ ನೋಡುವವರು ಓಡಾಡಿದ ಗುರುತು. ಅದೇ ಭಾಗದಲ್ಲಿ ಬೇರೆ ಬಯಲು ಹಕ್ಕಿಗಳನ್ನು ಕಂಡ ಜಾಗಗಳಿಂದ ಹಿನ್ನೆಲೆ ಬಿಂದುಗಳನ್ನು, ಅಂದರೆ ಮಾಡೆಲ್ ಹೋಲಿಸಿ ನೋಡುವ ಜಾಗಗಳನ್ನು, ಆರಿಸಿ. ಆಗ ಈ ಓರೆ ಬಹಳಷ್ಟು ಕಡಿಮೆಯಾಗುತ್ತದೆ. ಎಯುಸಿಗೆ ಜಾಸ್ತಿ ಖುಷಿಪಡಬೇಡಿ. ಇಡೀ ರಾಜ್ಯದಿಂದ ಹಿನ್ನೆಲೆ ಬಿಂದು ಎತ್ತಿದ್ದರೆ, ಮಲೆನಾಡಿನ ಕಾಡು ಈ ಹಕ್ಕಿಗೆ ಆಗಲ್ಲ ಅಂದಿದ್ದಕ್ಕೂ ಮಾರ್ಕ್ಸ್ ಸಿಕ್ಕಿರುತ್ತದೆ! ಒಂದು ಹೋಬಳಿಯ ದಾಖಲೆಗಳನ್ನು ಪೂರ್ತಿ ಹೊರಗಿಟ್ಟು ಪರೀಕ್ಷಿಸಿ, ಬಂಡವಾಳ ಗೊತ್ತಾಗುತ್ತದೆ.

ವಿದ್ಯುತ್ ಲೈನುಗಳನ್ನು ಮಾಡೆಲ್‌ ಒಳಗೆ ತುರುಕಬೇಡಿ, ಬೇರೆ ಪದರವಾಗಿ ಮೇಲೆ ಹಾಸಿ. ಮೇವು, ಮರೆ ಎಲ್ಲ ಚೆನ್ನಾಗಿದ್ದರೂ ಹೈಟೆನ್ಷನ್ ತಂತಿ ಹಾದುಹೋಗಿದ್ದರೆ ಅದು ಅಪಾಯದ ಜಾಗ. ಗಂಡು 15 ಕಿಲೋವರೆಗೂ ತೂಗುತ್ತದೆ. ನೇರ ಎದುರಿಗಿರುವುದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಕಂಡರೂ ಚಕ್ಕನೆ ತಿರುಗಲು ಆಗದು.

ಪರಿಷ್ಕರಿಸಿದ ನಕ್ಷೆ ಹಿಡಿದು ಕುರಿ ಮೇಯಿಸುವವರ ಹತ್ತಿರ ಹೋಗಿ. ಯಾವ ಹೊಲ ಯಾವಾಗ ಬೀಳು ಬಿದ್ದಿತ್ತು ಅಂತ ಅವರಿಗೆ ಗೊತ್ತಿರುತ್ತದೆ. ಪ್ರಬಂಧದಲ್ಲಿ ಮಾತ್ರ ನಿಖರ ಜಾಗ ಹಾಕಬೇಡಿ, 10 ಕಿ.ಮೀ. ಚೌಕಗಳಲ್ಲಿ ತೋರಿಸಿ. ಇಲ್ಲದಿದ್ದರೆ ಮುಂದಿನ ವಾರವೇ ಅಲ್ಲಿ ಕ್ಯಾಮೆರಾದವರ ಸಾಲು ನಿಂತಿರುತ್ತದೆ.