ಸಂಪಾದಕರ ಉತ್ತರ: ಸಂಘಗಳಿಗೆ ಸಂಬಳ ಬಿಟ್ಟು ಬೇರೆ ಮಾತಿಲ್ಲವೇ?

ಮಾನ್ಯರೇ,

ಅಮೆರಿಕ, ಫಿನ್ಲೆಂಡ್‌ಗಳಲ್ಲಿ ಶಿಕ್ಷಕರ ಸಂಘಗಳು ಶಿಕ್ಷಣ ನೀತಿಯನ್ನೇ ತಿದ್ದುತ್ತವೆ, ನಮ್ಮವು ಮಾತ್ರ ವರ್ಗಾವಣೆ, ವೇತನ, ಪಿಂಚಣಿ ಬಿಟ್ಟು ಬಾಯಿ ತೆರೆಯುವುದಿಲ್ಲ ಎಂದು ಬರೆದಿದ್ದೀರಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಾಗಿ ನಿಮಗಾದ ಬೇಸರ ನ್ಯಾಯವಾದದ್ದೇ. ಆದರೆ ತಪ್ಪನ್ನೆಲ್ಲ ಸಂಘಗಳ ತಲೆಗೆ ಕಟ್ಟಲು ನಾನು ಒಪ್ಪಲಾರೆ.

ಚಿಕಾಗೊವನ್ನೇ ನೋಡಿ. ತರಗತಿಯಲ್ಲಿ ಎಷ್ಟು ಮಕ್ಕಳಿರಬೇಕೆಂಬ ವಿಷಯವನ್ನು 1995ರ ಕಾನೂನು ಅಲ್ಲಿನ ಶಿಕ್ಷಕರ ಸಂಘ ಆಡಳಿತದೊಂದಿಗೆ ನಡೆಸುವ ಚೌಕಾಸಿಯಿಂದಲೇ ಹೊರಗಿಟ್ಟಿತು. ಮುಂದೆ ಅದನ್ನು ಸಡಿಲಿಸಿದರೂ ಆ ಕಾರಣಕ್ಕೆ ಮುಷ್ಕರ ಹೂಡುವಂತಿರಲಿಲ್ಲ. ಸಾಲದ್ದಕ್ಕೆ, ಮುಷ್ಕರಕ್ಕೆ ಶೇ 75ರಷ್ಟು ಸದಸ್ಯರ ಒಪ್ಪಿಗೆ ಬೇಕೆಂದು 2011ರಲ್ಲಿ ಇನ್ನೊಂದು ಷರತ್ತು. ಮರುವರ್ಷ ಶೇ 90ರ ಹತ್ತಿರ ಮತ ಬಿತ್ತು! ಕೆಮಿಸ್ಟ್ರಿ ಟೀಚರ್ ಆಗಿದ್ದ ಕರೆನ್ ಲೂಯಿಸ್ ಸಂಘದ ಮುಂದಾಳು. ಕಾನೂನಿನ ಕಟ್ಟಿನಿಂದಾಗಿ ಕಡತದಲ್ಲಿ ಜಗಳ ಸಂಬಳದ್ದು, ಬೀದಿಯಲ್ಲಿ ಶಿಕ್ಷಕರು ಕೇಳಿದ್ದು ಚಿಕ್ಕ ತರಗತಿ, ಶಾಲೆಗೊಬ್ಬ ನರ್ಸ್, ಸಂಗೀತ–ಚಿತ್ರಕಲೆಗೆ ಮೇಷ್ಟ್ರು. 7 ಶಾಲಾದಿನಗಳ ಮುಷ್ಕರದ ನಂತರದ ಒಪ್ಪಂದದಲ್ಲಿ, ಶಾಲೆ ಶುರುವಾದ ಮೊದಲ ದಿನವೇ ಮಕ್ಕಳಿಗೆ ಪಠ್ಯಪುಸ್ತಕ ಸಿಗಬೇಕೆಂಬ ಮಾತೂ ಸೇರಿತು.

ಫಿನ್ಲೆಂಡ್‌ಗೆ ಈ ಗುದ್ದಾಟ ಅಷ್ಟಾಗಿ ಬೇಕಿಲ್ಲ. ಶೇ 95ಕ್ಕೂ ಹೆಚ್ಚು ಶಿಕ್ಷಕರು ಒಎಜೆ ಎಂಬ ಒಂದೇ ಸಂಘದಲ್ಲಿದ್ದಾರೆ. ಪಠ್ಯಕ್ರಮದ ಕರಡು ಹಂತದಲ್ಲೇ ಅದರ ಅಭಿಪ್ರಾಯ ಕೇಳುತ್ತಾರೆ.

ನಮ್ಮಲ್ಲಿ? ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳವು. ಆದರೆ ಅಲ್ಲಿ ಮತ ಹಾಕುವವರು ಪ್ರೌಢಶಾಲೆ ಮತ್ತು ಮೇಲಿನವರು ಮಾತ್ರ. ಒಂದನೇ ತರಗತಿಗೆ ಅಕ್ಷರ ಕಲಿಸುವವರಿಗೆ ಮತವೇ ಇಲ್ಲ. ಇದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. ಇದೇ ಪ್ರಾಥಮಿಕ ಶಿಕ್ಷಕರಲ್ಲಿ 1ರಿಂದ 7ರವರೆಗೆ ಪಾಠ ಮಾಡಲು ನೇಮಕವಾದವರನ್ನು 2017ರ ನಿಯಮ 5ನೇ ತರಗತಿಗೆ ನಿಲ್ಲಿಸಿತು. ಅದರ ವಿರುದ್ಧ 2024ರ ಆಗಸ್ಟ್‌ನಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಪ್ರತಿಭಟನೆಗೆ ಬಂದರು. ನೀವು ಅದನ್ನು ಸೇವಾ ವಿಷಯ ಎಂದಿದ್ದೀರಿ. ಆರನೇ ತರಗತಿಯ ಮಗುವಿಗೆ ಗಣಿತ ಕಲಿಸುವವರು ಯಾರು ಎಂಬುದು ನೀತಿಯಲ್ಲದೆ ಮತ್ತೇನು?

ಒಂದು ಮಾತಿನಲ್ಲಿ ಮಾತ್ರ ನಿಮ್ಮ ಜೊತೆಗಿದ್ದೇನೆ. ಆ ಹೋರಾಟದಲ್ಲಿ ಬಡ್ತಿ, ಜ್ಯೇಷ್ಠತೆಯ ಮಾತು ಕೇಳಿಸಿದಷ್ಟು ಮಕ್ಕಳ ಮಾತು ಕೇಳಿಸಲಿಲ್ಲ. ಚಿಕಾಗೊದಲ್ಲಿ ಪೋಷಕರು ಶಿಕ್ಷಕರ ಪಕ್ಕ ನಿಂತದ್ದು ಮಕ್ಕಳ ಮಾತು ಮುಂದಿದ್ದುದರಿಂದಲೇ. ಏಕೋಪಾಧ್ಯಾಯ ಶಾಲೆಗಳಿಗೆ ಎರಡನೇ ಶಿಕ್ಷಕರು ಬೇಕೆಂಬುದು ಬೇಡಿಕೆ ಪಟ್ಟಿಯ ಮೊದಲ ಸಾಲಾಗಲಿ ಎಂದು ನಿಮ್ಮ ಎಸ್‌ಡಿಎಂಸಿಯಿಂದಲೇ ತಾಲ್ಲೂಕು ಸಂಘಕ್ಕೆ ಬರೆಯಿರಿ. ಪ್ರತಿಯನ್ನು ನಮಗೂ ಕಳಿಸಿ, ಪ್ರಕಟಿಸುತ್ತೇವೆ.

– ಸಂಪಾದಕ